ಮಂಡಿನೋವಿನ ಪುಡಿ

ವೈದ್ಯ ಕೊಟ್ಟ ಪುಡಿಯನ್ನೆಲ್ಲ ಸಿಂಕಿಗೆ ಸುರಿದು ಪದ್ಮಾ ನಲ್ಲಿ ಬಿಟ್ಟಳು. ಅರ್ಧ ಡಬ್ಬಿ ಇತ್ತು. ಹುರಿದ ಮೆಂತ್ಯದ ಪುಡಿಗೆ ಒಂದಿಷ್ಟು ಹುರಿಗಡಲೆ ಹಿಟ್ಟು ಬೆರೆಸಿ, ಬಣ್ಣ ಹೊಂದಿಸಿ, ಅಷ್ಟೇ ಮಟ್ಟಕ್ಕೆ ತುಂಬಿದಳು. ಒಳಗೆ ಅತ್ತೆ ಸುಶೀಲಾ ದೇವರಿಗೆ ದೀಪ ಹಚ್ಚುತ್ತಿದ್ದರು.

ಅವರು ಬಂದು ನೆಲೆಸಿದ್ದ ಹಿಂದಿ ಸೀಮೆಯ ಊರು ಪೀತಮ್‌ಪುರದ ಮಾರ್ಕೆಟ್ಟಿನ ಹಿಂದೆ ಕೂರುವ ಆ ವೈದ್ಯನ ಪುಡಿಗೆ ಮೂರೇ ದಿನದಲ್ಲಿ ಅತ್ತೆಯ ಮಂಡಿನೋವು ಹೋಗಿತ್ತು. ಪದ್ಮಾಗೆ ಅನುಮಾನ ಹುಟ್ಟಿದ್ದೇ ಅಲ್ಲಿ. ಎಂಟು ತಿಂಗಳಲ್ಲಿ ಅತ್ತೆಯ ಮುಖ ಗುಂಡಗೆ ಊದಿತು, ಹೊಟ್ಟೆ ಬಂತು, ಕೈಕಾಲು ಸಣಕಲಾದವು. ಬಳೆ ತಗುಲಿದರೂ ಚರ್ಮ ನೀಲಿಗಟ್ಟುತ್ತಿತ್ತು. ಇದರಲ್ಲಿ ಏನೋ ಬೆರೆಸಿದ್ದಾರೆ ಎಂದರೆ ಗಂಡ ರಘುನಂದನ್, "ಅಮ್ಮ ಓಡಾಡ್ತಿದ್ದಾಳೆ, ಅದೇ ನಿನಗೆ ಕಷ್ಟನಾ?" ಅಂದಿದ್ದ. ಹೇಳದೆ ನಿಲ್ಲಿಸಿದರೆ ಊತ ತಾನಾಗಿ ಇಳಿಯುತ್ತದೆ, ಆಗ ನಂಬುತ್ತಾರೆ ಎಂದುಕೊಂಡಳು.

ಮೂರನೆಯ ದಿನ ಅತ್ತೆ ಚಮಚ ಮೂಸಿದರು.

"ಪುಡಿ ಬೇರೆ ಥರ ಇದೆಯಲ್ಲ, ಪದ್ಮಾ?"

"ಹೊಸದಾಗಿ ಅರೆದಿರಬೇಕು ಅತ್ತೆ."

"ಅರ್ಧ ಡಬ್ಬಿ ನಾನು ತಿಂದಾದ ಮೇಲೆ ವೈದ್ಯ ಬಂದು ಅರೆದನಾ?"

ಪದ್ಮಾ ಆಫೀಸಿನ ಬ್ಯಾಗು ಎತ್ತಿಕೊಂಡಳು. ಬೆನ್ನ ಮೇಲೆ ಅತ್ತೆಯ ಕಣ್ಣು ಲಿಫ್ಟಿನವರೆಗೂ ಇತ್ತು.

ಐದನೆಯ ದಿನ ಬೆಳಗ್ಗೆಯಿಂದ ವಾಂತಿ. ಬಚ್ಚಲ ಬಾಗಿಲಲ್ಲಿ ಕುಸಿದ ಅತ್ತೆಗೆ ಏಳಲಾಗಲಿಲ್ಲ. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಬಿ.ಪಿ. ಪಾತಾಳಕ್ಕಿಳಿದಿತ್ತು, ಮಾತಿರಲಿಲ್ಲ. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಅತ್ತೆಯ ಮುಖವನ್ನೂ ತೋಳನ್ನೂ ನೋಡಿ, ಯಾವ ಔಷಧಿ ಎಂದು ಕೇಳಿದರು. ರಘು ಮನೆಯಿಂದ ತಂದಿದ್ದ ಡಬ್ಬಿ ಕೊಟ್ಟ. ಅವರು ಚಿಟಿಕೆ ತೆಗೆದು ಮೂಸಿದರು.

"ಯೇ ತೋ ಮೇಥಿ ಹೈ." ಬರೀ ಮೆಂತ್ಯ.

ಆಮೇಲೆ ಬಿಡಿಸಿ ಹೇಳಿದರು. ಈ ಮುಖ ನೋಡಿದರೆ ತಿಂಗಳುಗಟ್ಟಲೆ ಸ್ಟೀರಾಯ್ಡ್ ತಿಂದ ಹಾಗಿದೆ. ಹೊರಗಿನಿಂದ ಅದು ಬರುತ್ತಿದ್ದರೆ ಮೂತ್ರಪಿಂಡದ ಮೇಲಿನ ಗ್ರಂಥಿ ಅದನ್ನು ತಾನೇ ತಯಾರಿಸುವುದನ್ನು ಮರೆತುಬಿಡುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಮೈಯಲ್ಲಿ ಅದು ಚೂರೂ ಉಳಿಯುವುದಿಲ್ಲ, ಬಿ.ಪಿ. ಕುಸಿಯುತ್ತದೆ. ಏನಾದರೂ ನಿಲ್ಲಿಸಿದಿರಾ?

"ನಹೀ ಮೇಡಂ. ಇದೊಂದೇ. ನಿನ್ನೆ ನಾನೇ ಕೈಯಾರೆ ಕೊಟ್ಟಿದ್ದೀನಿ," ಎಂದು ರಘು ಅರ್ಧ ಹಿಂದಿಯಲ್ಲಿ, ಅರ್ಧ ಕನ್ನಡದಲ್ಲಿ ಹೇಳಿದ.

ಡಾಕ್ಟರು ಚೀಟಿಯಲ್ಲಿ ಬರೆದಿದ್ದ ಸ್ಟೀರಾಯ್ಡ್ ಇಂಜೆಕ್ಷನ್ನನ್ನು ಹೊಡೆದುಹಾಕಲು ಪೆನ್ನು ಇಟ್ಟರು.

"ಮೈನೇ ಬದಲಾ ಥಾ," ಎಂದಳು ಪದ್ಮಾ. "ಪಾಂಚ್ ದಿನ್ ಪಹಲೇ." ಐದು ದಿನದ ಹಿಂದೆ ಪುಡಿ ಬದಲಿಸಿದ್ದು ತಾನೇ ಎಂದು.

ಡಾಕ್ಟರು ಅವಳತ್ತ ನೋಡಲೂ ಇಲ್ಲ. ಇಂಜೆಕ್ಷನ್ ಹೆಸರು ಕೂಗುತ್ತಾ ಪರದೆಯೊಳಗೆ ಹೋದರು.

ರಘು ಡಬ್ಬಿಯ ಮುಚ್ಚಳ ಹಾಕಿದ. "ನನ್ನ ಕೈಯಲ್ಲೇ ಕೊಡಿಸಿದೆಯಲ್ಲ."

"ಊತ ಇಳೀಲಿ ಅಂತ ರೀ."

"ಅಚ್ಛಾ," ಎಂದ.

ಮಾರನೆಯ ದಿನ ಅತ್ತೆ ದಿಂಬಿಗೆ ಒರಗಿ ಕೂತಿದ್ದರು. ಮಗ ಎಲ್ಲ ಹೇಳಿದ್ದ. ಪದ್ಮಾ ಗ್ಲಾಸಿಗೆ ಎಳನೀರು ಬಗ್ಗಿಸಿ ಮುಂದೆ ಹಿಡಿದಳು. ಅತ್ತೆ ಅದನ್ನು ನೋಡಿದರು, ಎರಡು ಬೆರಳಿನಿಂದ ಮೆಲ್ಲಗೆ ಅವಳತ್ತಲೇ ತಳ್ಳಿದರು.

ಪದ್ಮಾ ಗ್ಲಾಸನ್ನು ತುಟಿಗೆ ತಾಗಿಸದೆ ಎತ್ತಿ ಒಂದು ಗುಟುಕು ಕುಡಿದಳು. ಅದು ಗಂಟಲಲ್ಲಿ ಇಳಿಯುವವರೆಗೂ ಅತ್ತೆ ನೋಡುತ್ತಿದ್ದರು. ಆಮೇಲೆ ಗ್ಲಾಸಿಗೆ ಕೈ ಚಾಚಿದರು.