ಎದೆಗಾರಿಕೆ

ಕಾಫಿಯ ತಟ್ಟೆ ಹಿಡಿದು ನೂಬಿಯಾ ಶವಪೆಟ್ಟಿಗೆಯ ಪಕ್ಕ ಕೂತಿದ್ದ, ಸತ್ತ ಗೆಳತಿ ಮಾರ್ಲೆನಿಸ್‌ಳ ತಾಯಿಯ ಮುಂದೆ ಬಾಗಿದಳು. ಬೀದಿಯವರು ಗೌರವದಿಂದ ದೋನ್ಯಾ ಎದುವಿಹೆಸ್ ಎನ್ನುತ್ತಿದ್ದ ಆ ಮುದುಕಿ ಮುಖ ತಿರುಗಿಸಿದಳು.

"ಈ ಕೈ ನನ್ನ ಮಗಳಿಗೆ ತಿನ್ನಿಸಿದ್ದೇ ಸಾಕು."

ಬಾಗಿಲ ಬಳಿ ಡೊಮಿನೋ ಆಡುತ್ತಿದ್ದವರ ಕೈ ನಿಂತಿತು. ಬಾರಾಂಕಿಯಾ ಊರಿನ ಆ ಬೀದಿಯಲ್ಲಿ ಸಾವಿನ ಮನೆಯಲ್ಲಿ ಅತ್ತಷ್ಟೇ ನಗಬೇಕು, ನಗಿಸುವ ಪಾಳಿ ಯಾವಾಗಲೂ ನೂಬಿಯಾಳದು. ಪಾದ್ರಿ, ಪೊಲೀಸ, ಮೀನಿನವಳು, ಯಾರ ದನಿ ಬೇಕಾದರೂ ಅವಳ ಗಂಟಲಲ್ಲಿ ಬಾಡಿಗೆಗಿತ್ತು.

"ಆ ಪಾದ್ರಿದು ಒಂಚೂರು ಮಾಡೇ," ಎಂದ ಪಕ್ಕದ ಮನೆಯ ಮುದುಕ ಎಲಿಯೆಸೆರ್, ವಾತಾವರಣ ತಿಳಿಮಾಡಲು. "ಮಾರ್ಲೆನಿಸ್‌ಗೆ ಅದಂದ್ರೆ ಪ್ರಾಣ ಆಗಿತ್ತು."

"ಪಾದ್ರಿದ್ಯಾಕೆ? ಹಂದೀದು ಮಾಡ್ಲಿ. ಅದು ಚೆನ್ನಾಗಿ ಬರುತ್ತೆ ಇವಳಿಗೆ," ಎಂದಳು ತಾಯಿ.

ಯಾರೂ ನಗಲಿಲ್ಲ.

*

ಮಾರ್ಲೆನಿಸ್ ಮನೆಯ ಮುಂಗೋಣೆಯಲ್ಲೇ ಊರ ಹೆಂಗಸರ ಕೂದಲು ಕತ್ತರಿಸಿ, ಬಣ್ಣ ಹಚ್ಚಿ, ಮದುವೆಗೆ ಸಿಂಗರಿಸಿ ಕಳಿಸುತ್ತಿದ್ದವಳು. ತನ್ನ ಸರದಿ ಬಂದದ್ದು ನಲವತ್ತು ದಾಟಿದ ಮೇಲೆ. ಎದೆಗೆ ಸಿಲಿಕೋನ್ ಚೀಲ ಇಡಿಸಿಕೊಂಡು ಬಂದವಳು ಕನ್ನಡಿಯೆದುರು ಅಡ್ಡ ತಿರುಗಿ ನಿಂತಿದ್ದಳು.

"ಮೂರು ಮಕ್ಕಳು ಕುಡಿದು ಖಾಲಿ ಮಾಡಿದ್ದನ್ನ ವಾಪಸ್ ತುಂಬಿಸ್ಕೊಂಡೆ ಕಣೇ. ಎದೆಗಾರಿಕೆ ಅಂದ್ರೆ ಇದು!"

ಗಾಯ ಮಾಯುವವರೆಗೆ ಹಂದಿಮಾಂಸ ಮುಟ್ಟಬಾರದು, ಮುಟ್ಟಿದರೆ ಮೈಯ ಕಾವು ಏರಿ ಹೊಲಿಗೆ ಕೆಡುತ್ತದೆ. ಇದು ವೈದ್ಯರ ಮಾತಲ್ಲ, ಬೀದಿಯ ಮಾತು. ಹಾಗಾಗಿ ಯಾರೂ ಮೀರುತ್ತಿರಲಿಲ್ಲ. ನೂಬಿಯಾ ಒಂದು ಮಧ್ಯಾಹ್ನ ಎಲೆಯಲ್ಲಿ ಕಟ್ಟಿ ಬೇಯಿಸಿದ ಮಾಂಸದ ಅನ್ನ ತಂದಳು.

"ಕೋಳೀದು ಕಣೇ, ತಿನ್ನು."

ಕೊನೆಯ ತುತ್ತು ಇಳಿದ ಮೇಲೆ ನೂಬಿಯಾ ಮೂಗು ಮೇಲೆತ್ತಿ ಹಂದಿಯಂತೆ ಗುಟುರು ಹಾಕಿದಳು. ಮಾರ್ಲೆನಿಸ್ ಕಣ್ಣರಳಿಸಿದಳು. ಆಮೇಲೆ ಎದೆಯನ್ನು ಎರಡೂ ಕೈಯಲ್ಲಿ ಒತ್ತಿಹಿಡಿದು, ಬೀದಿಗೆ ಕೇಳುವಷ್ಟು ನಕ್ಕಳು. "ಹಾಳಾದವಳೇ, ನಗಿಸ್ಬೇಡ ಕಣೇ, ಹೊಲಿಗೆ ಬಿಟ್ಕೊಳ್ಳುತ್ತೆ!"

ಮರುದಿನ ಎಡಗಡೆ ಕೆಂಪಾಯಿತು. ಜ್ವರ ಬಂತು.

*

ಆಸ್ಪತ್ರೆಯಲ್ಲಿ ಕೊನೆಯವರೆಗೂ ಜೊತೆಗಿದ್ದವಳು ಮಾರ್ಲೆನಿಸ್‌ಳ ತಂಗಿ ಯೋಲಿಮಾ. ಈಗ ಅವಳು ನೂಬಿಯಾಳನ್ನು ಶವಪೆಟ್ಟಿಗೆಯ ಬಳಿಯಿಂದ ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಹಂದಿನೂ ಅಲ್ಲ, ಮಣ್ಣೂ ಅಲ್ಲ. ಒಳಗಿಟ್ಟ ಚೀಲಕ್ಕೇ ಬ್ಯಾಕ್ಟೀರಿಯಾ ಅಂಟಿತ್ತಂತೆ. ಸುತ್ತ ಕೀವಾಗಿ, ನಂಜು ರಕ್ತಕ್ಕೇರಿಬಿಡ್ತು. ನೀನು ತಿನ್ನಿಸದೇ ಇದ್ರೂ ಬರ್ತಿತ್ತು."

"ಹಾಗಾದ್ರೆ... ನಾನಲ್ವಾ?"

"ನೀನಲ್ಲ."

ನೂಬಿಯಾ ಒಲೆಕಟ್ಟೆ ಹಿಡಿದುಕೊಂಡಳು. ಸತ್ತ ಸುದ್ದಿ ಬಂದಾಗಿನಿಂದ ಮೊದಲ ಸಲ ಉಸಿರು ಪೂರ್ತಿ ಒಳಗಿಳಿಯಿತು. ಯೋಲಿಮಾಳ ಮಾತು ಮುಗಿದಿರಲಿಲ್ಲ.

"ಜ್ವರ ಬಂದ ಕೂಡ್ಲೇ ಕರ್ಕೊಂಡು ಹೋಗಿದ್ರೆ ಚೀಲ ತೆಗೆದು ಬದುಕಿಸಬಹುದಿತ್ತಂತೆ. ಅಮ್ಮ ಬಿಡ್ಲಿಲ್ಲ. ಹಂದಿ ಕಾವು, ತಾನೇ ಇಳಿಯುತ್ತೆ ಅಂತ ವಾರವಿಡೀ ಸೊಪ್ಪಿನ ಕಷಾಯ ಕುಡಿಸ್ತಾ ಕೂತಳು. ಅವಳಿಗೆ ಹೇಗೆ ಹೇಳ್ಲೇ?"

ಬಾಗಿಲಲ್ಲಿ ದೋನ್ಯಾ ಎದುವಿಹೆಸ್ ನಿಂತಿದ್ದಳು. ಕೊನೆಯ ಮಾತಷ್ಟೇ ಕಿವಿಗೆ ಬಿದ್ದಂತಿತ್ತು.

"ಏನು ಹೇಳೋದು? ಡಾಕ್ಟರು ಏನಂದ್ರು?" ಅವಳು ಒಂದು ಹೆಜ್ಜೆ ಒಳಗಿಟ್ಟಳು. "ಇನ್ನೂ ಮುಂಚೆ ಕರ್ಕೊಂಡು ಹೋಗಬೇಕಿತ್ತಾ?"

ಯೋಲಿಮಾ ಬಾಯಿ ತೆರೆದಳು. ಅಷ್ಟರಲ್ಲಿ ನೂಬಿಯಾಳ ಮಾತು ಬಂತು. ಪಾದ್ರಿಯದಲ್ಲ, ಪೊಲೀಸನದಲ್ಲ, ತನ್ನದೇ ದನಿಯಲ್ಲಿ.

"ಮುಂಚೆ ಹೋಗಿದ್ರೂ ಅಷ್ಟೇ ಅಂತೆ, ದೋನ್ಯಾ. ಹಂದೀದೇ. ನಾನು ತಿನ್ನಿಸಿದ್ದೇ."

ಮುದುಕಿ ಎರಡೂ ಮುಷ್ಟಿ ಕಟ್ಟಿ ನೂಬಿಯಾಳ ಎದೆಗೆ ಗುದ್ದತೊಡಗಿದಳು. ಬಿಡಿಸಲು ಬಂದ ಯೋಲಿಮಾಳನ್ನು ನೂಬಿಯಾ ಕಣ್ಣಲ್ಲೇ ತಡೆದಳು. ಗುದ್ದುವ ರಭಸಕ್ಕೆ ಮುದುಕಿಯೇ ಮುಗ್ಗರಿಸದಂತೆ ಅವಳ ಸೊಂಟಕ್ಕೆ ಕೈ ಆನಿಸಿ ಹಿಡಿದು ನಿಂತಳು.