ಹಗ್ಗ ಹಿಡಿಯದವನ ಪಾಲು

ನಾನು ಈರನ ಮೇಲೆ ಕೈಯೆತ್ತಿಲ್ಲ. ಪೊಲೀಸರಿಗೂ ಇದನ್ನೇ ಹೇಳಿದ್ದೇನೆ, ಅವರು ಬರೆದುಕೊಂಡಿದ್ದಾರೆ. ಕೈಯೆತ್ತದೆ ಒಬ್ಬನನ್ನು ಕೊಲ್ಲುವುದು ಹೇಗೆಂದು ಅವರು ಕೇಳಲಿಲ್ಲ, ನಾನೂ ಬಾಯಿಬಿಡಲಿಲ್ಲ. ಹೇಡಿ ನಾನು.

ಅಪ್ಸರಕೊಂಡದ ಕೆಳಗಿನ ದಂಡೆಯಲ್ಲಿ ನಮ್ಮ ಕೇರಿಯ ರಂಪಣಿ ಬಲೆ. ಕಡಲಲ್ಲಿ ಬಳಸಿ ಹಾಕಿದ ಅದನ್ನು ದಂಡೆಗೆಳೆಯಲು ಅರವತ್ತು ಜನ ಬೇಕು. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನಲ್ಲಿ ಪಾಲು, ಕುರುಡನಿರಲಿ, ಮುದುಕಿಯಿರಲಿ. ಕೈ ಹಾಕದೆ ಪಾಲು ತಿನ್ನುತ್ತಿದ್ದವನು ನಾನೊಬ್ಬನೇ, ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ವೆಂಕಟ್ರಮಣ. ಮೀನಿನ ಹಿಂಡಿಗೆ ಕಾಯುವ ಹೊತ್ತಿನಲ್ಲಿ ಅವರಿಗೆ ವಾರಪತ್ರಿಕೆ ಓದಿ ಹೇಳುವುದು ನನ್ನ ಕೆಲಸ.

ಸಾವಿರದ ಒಂಬೈನೂರ ಅರವತ್ತನಾಲ್ಕರಲ್ಲಿ ಒಂದು ಧಾರಾವಾಹಿ ಬರುತ್ತಿತ್ತು, ಮೂರು ಸಾವಿರದ ಇಸವಿಯ ಕಥೆ. ಯಂತ್ರವೇ ಉಳುತ್ತದೆ, ಬೇಯಿಸುತ್ತದೆ, ತುತ್ತು ಮಾಡಿ ಬಾಯಿಗಿಡುತ್ತದೆ. ಮನುಷ್ಯರ ಕೈಗಳು ಒಣಗಿ ಕಡ್ಡಿಯಾಗಿವೆ. ಕೊನೆಗೆ ಯಾರಿಗೆ ಊಟ, ಯಾರಿಗೆ ಉಪವಾಸ ಎಂಬುದನ್ನೂ ಯಂತ್ರವೇ ತೀರ್ಮಾನಿಸತೊಡಗುತ್ತದೆ. ಬಲೆಯ ಯಜಮಾನ ಹಮ್ಮ ಕೇಳುತ್ತ ಕೇಳುತ್ತ ಹಲ್ಲು ಕಡಿಯುತ್ತಿದ್ದ.

ಅದೇ ವಾರ ಈರನ ಬೋಟು ಬಲೆಯ ಮೇಲೆ ಹಾಯಿತು. ಈರ ನನ್ನ ತಂಗಿ ದೇವಿಯ ಗಂಡ, ಇಂಜಿನ್ ಬೋಟು ನಡೆಸಲು ಕಲಿತ ಕೇರಿಯ ಮೊದಲ ಗಂಡಸು. ದೇವಿ ಹೆರಿಗೆಗೆಂದು ನನ್ನ ಮನೆಗೆ ಬಂದಿದ್ದಳು. ಬೋಟಿನಡಿ ನೀರಲ್ಲಿ ತಿರುಗುವ ಫ್ಯಾನು ಬಲೆಯನ್ನು ನಡುವೆ ಸೀಳಿತು, ಒಳಗಿದ್ದ ಬಂಗುಡೆ ಮೀನೆಲ್ಲ ಕಡಲಿಗೆ ಹೋಯಿತು. ಅರವತ್ತು ಮನೆಯ ಒಲೆ ತಣ್ಣಗಾಯಿತು.

ಕಥೆಯ ಕೊನೆಯ ಕಂತು ಬರಬೇಕಾದ ದಿನ ಶರಾವತಿಗೆ ನೆರೆ ಬಂದು ಹೊಳೆ ದಾಟಿಸುವ ತಾರಿ ದೋಣಿ ನಿಂತಿತು, ಟಪಾಲು ಹೊನ್ನಾವರದಲ್ಲೇ ಉಳಿಯಿತು. ಬಂದಿಲ್ಲ ಎಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಆದರೆ ಹರಿದ ಬಲೆ ಹೊಲಿಯುತ್ತ ಕೂತ ಅಷ್ಟೂ ಜನ ನನ್ನ ಮುಖ ನೋಡುತ್ತಿದ್ದರು. ಹಳೆಯ ಸಂಚಿಕೆಯನ್ನೇ ಬಿಡಿಸಿ ಹಿಡಿದು, ಓದಿದಂತೆ ಕಟ್ಟಿ ಹೇಳಿದೆ. ಜನ ಎದ್ದರು, ಯಂತ್ರ ಒಡೆದರು, ಅದನ್ನು ನಡೆಸುವವನನ್ನೂ ಒಡೆದರು, ಒಣಗಿದ ಕೈಗಳಲ್ಲಿ ಮತ್ತೆ ರಕ್ತ ಹರಿಯಿತು ಎಂದು.

“ಆಮೇಲೆ ಅವ್ರಿಗೆ ಊಟ ಸಿಕ್ಕಿತನಾ?” ಎಂದ ಹಮ್ಮ.

“ಹೊಟ್ಟೆ ತುಂಬ,” ಎಂದೆ.

ಅಷ್ಟರಲ್ಲಿ ಇಂಜಿನ್ನಿನ ಸದ್ದು. ಈರ ಬೋಟಿನಲ್ಲಿ ನಿಂತು ನೈಲಾನ್ ನೂಲಿನ ಕಟ್ಟು ಎತ್ತಿ ತೋರಿಸುತ್ತಿದ್ದ. ಬಲೆ ಹೊಲಿಯಲು ತಂದಿದ್ದ, ಪಾಪ. ಹಮ್ಮ ಸೂಜಿ ಕೆಳಗಿಟ್ಟು ಎದ್ದ. ಎಲ್ಲರೂ ಎದ್ದರು.

“ಹಮ್ಮಣ್ಣ, ಅದು ಪತ್ರಿಕೇಲಿಲ್ಲ. ನಾನೇ ಕಟ್ಟಿದ್ದು, ಸುಳ್ಳು,” ಎಂದು ಅವನ ತೋಳು ಜಗ್ಗಿದೆ.

“ಸುಳ್ಳಾದ್ರೆ ಎಂತ ಆತು? ಸಮಾ ಹೇಳಿದೆ ನೀನು,” ಎಂದು ಮೊಣಕೈಯಿಂದ ತಿವಿದ. ನನ್ನ ಎರಡು ಹಲ್ಲು ಉದುರಿದವು.

ಬಲೆಯ ಹಗ್ಗವನ್ನೇ ಬೋಟಿಗೆ ಬಿಗಿದು, ಬಲೆ ಎಳೆಯುವ ಅದೇ ಕೂಗು ಹಾಕುತ್ತ ದಂಡೆಗೆಳೆದರು. ಈರ ನಗುತ್ತಿದ್ದ, ಸಹಾಯ ಮಾಡುತ್ತಿದ್ದಾರೆಂದುಕೊಂಡು. ಮೊದಲ ಏಟು ದೋಣಿಯ ಹುಟ್ಟಿನದು, ಕಿವಿಯ ಮೇಲೆ. ಎರಡನೆಯದಕ್ಕೆ ದವಡೆ ಮುರಿಯಿತು. “ಭಾವ,” ಎಂದ ನನ್ನ ಕಡೆ ನೋಡಿ. ಆಮೇಲೆ ಕಲ್ಲು, ಒದೆ. ಅವನನ್ನು ಹೆಗಲ ಮೇಲೆ ಹೊತ್ತು ಆಡಿಸಿದ್ದವರೂ ಹೊಡೆದರು. ಉಸಿರು ನಿಂತ ಮೇಲೂ ಹೊಡೆದರು. ನಾನು ಮರಳಿನಲ್ಲಿ ಬಿದ್ದುಕೊಂಡು ನೋಡಿದೆ, ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ.

“ಹಿಡಿದ ಮೀನು ಹಾಳು ಮಾಡೂದಲ್ಲ,” ಎಂದು ಹಮ್ಮ ಬೋಟಿನ ಮೀನು ಇಳಿಸಿ ಪಾಲು ಹಾಕಿಸಿದ. ಆಮೇಲೆ ಡೀಸೆಲ್ ಸುರಿದು ಬೋಟಿಗೆ ಬೆಂಕಿಯಿಟ್ಟರು.

ಮೂರು ದಿನದ ಮೇಲೆ ಪತ್ರಿಕೆ ಬಂತು. ಬರೆದವನ ಕಥೆಯಲ್ಲೂ ಜನ ಯಂತ್ರ ಒಡೆಯುತ್ತಾರೆ. ಆದರೆ ಅವರಿಗೆ ಊಟ ಸಿಗುವುದಿಲ್ಲ. ಕೈಗೆ ಬಲ ಬಂದವರು ಮೊದಲು ಹಿಡಿಯುವುದು ಪಕ್ಕದವನ ಕುತ್ತಿಗೆಯನ್ನು.

ಅದು ಆಮೇಲಿನ ಮಾತು. ಆ ಸಂಜೆ ನಾನು ಬಾಯಿಗೆ ಪಂಚೆಯ ತುದಿ ಒತ್ತಿಕೊಂಡು ಮನೆಗೆ ಬಂದಾಗ ದೇವಿ ಜಗಲಿಯಲ್ಲಿ ಬುಟ್ಟಿ ಮುಂದಿಟ್ಟುಕೊಂಡು ಸೀಗಡಿ ಸುಲಿಯುತ್ತಿದ್ದಳು.

“ಹಮ್ಮಣ್ಣ ನಿನ್ನ ಪಾಲು ಕಳ್ಸಿದ. ಇವತ್ತು ನಿಂಗೆ ಎರಡು ಪಾಲಂತೆ,” ಎಂದಳು. ತಲೆಯೆತ್ತದೆ ಒಂದು ಸೀಗಡಿ ಹಿಡಿದು ತೋರಿಸಿದಳು, ಮುಖವೆಲ್ಲ ನಗು. “ಇಷ್ಟು ದೊಡ್ಡದು ರಂಪಣಿಗೆ ಬೀಳೂದಿಲ್ಲ. ಇದು ನಮ್ಮವ್ರ ಬೋಟಿಂದೇ. ಅವ್ರೂ ಬಲೆಯವ್ರೂ ರಾಜಿ ಆದ್ರನಾ, ಅಣ್ಣ?”