ತಂತಿಯ ಕೊನೆಯ ಮುಚ್ಚಳ

ಹುಣಸೆಹುಳಿಯ ವಾಸನೆ, ಎರಡು ದಿನ ಕಿಟಕಿ ಮುಚ್ಚಿದ್ದ ಆಫೀಸಿನಲ್ಲಿ ಎಲ್ಲಿಂದಲೋ ತೇಲಿ ಬರುವ ಹುಣಸೆಹುಳಿ, ಬಾಯಲ್ಲಿ ನೀರೂರಿಸುವಂಥದ್ದು, ಈ ಹೊತ್ತಿನಲ್ಲಿ ನಿನಗೆ ಬಾಯಿಚಪಲ ಬೇರೆ ಎಂದು ವಿರೂಪಮ್ಮ ತನ್ನ ಮೂಗನ್ನೇ ಗದರಿಕೊಂಡು ಜೊತೆಯ ಗುಮಾಸ್ತ ಜಡೆಪ್ಪನ ಮೇಜಿನ ಕೆಳಗೆ ಇನ್ನೊಂದು ಗೇಣು ತೆವಳಿದಳು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೂವತ್ತೈದು ತುಂಬಿದ ಮಂಡಿಗಳನ್ನು ಬಂಡೆಯ ನೆಲಕ್ಕೆ ಊರಿ, ಕೈಯಲ್ಲಿ ಕಪ್ಪು ತಂತಿ ಹಿಡಿದು — ಈ ತಂತಿ ಇಲ್ಲಿಂದ ಹೊರಟು ನಡುವಿನ ದೊಡ್ಡ ಯಂತ್ರಕ್ಕೆ ಹೋಗುತ್ತದೆ, ಅಲ್ಲಿಂದ ತನ್ನ ಮೇಜಿಗೆ, ಮೂರು ಕಂಪ್ಯೂಟರು, ಒಂದು ತಂತಿ, ಬಳ್ಳಾರಿಯಲ್ಲಿ ಇಂಥದ್ದು ಬೇರೆ ಯಾರ ಹತ್ತಿರವೂ ಇಲ್ಲ ಎಂದು ಬೀಜೋತ್ಪಾದಕರ ಸಂಘದವರು ಆರು ತಿಂಗಳಿಂದ ಮೀಸೆ ತಿರುವಿದ್ದೇ ತಿರುವಿದ್ದು, ಇವತ್ತು ನೋಡಿದರೆ ಮೂರೂ ಮೂಗಬಸವ. ಹಬ್ಬ ಮುಗಿಸಿ ಬಂದು ಬೆಳಿಗ್ಗೆ ಗುಂಡಿ ಒತ್ತಿದರೆ ಎಲ್ಲರ ಕಪಾಟು ತೆರೆಯಲೊಲ್ಲದು. ಬೆಂಗಳೂರಿನ ಇಂಜಿನಿಯರ್ ಅದಕ್ಕೆ ಡೈರೆಕ್ಟರಿ ಎಂದಿದ್ದ, ದೊಡ್ಡ ಯಂತ್ರದಲ್ಲಿ ಇಟ್ಟದ್ದನ್ನು ಎರಡೂ ಮೇಜಿನವರು ತೆಗೆದು ನೋಡಬಹುದು ಎಂದಿದ್ದ, ಹಂಗಾರ ಎಲ್ಲರ ಕಪಾಟು ಅನ್ರಿ ಎಂದಿದ್ದಳು ಜಂಬಕ್ಕ ಕಸಬರಿಗೆ ಹಿಡಿದು ಬಾಗಿಲಲ್ಲಿ ನಿಂತು, ಅವತ್ತಿನಿಂದ ಅದೇ ಹೆಸರು. ಆ ಕಪಾಟಿನಲ್ಲಿ ಸಿರುಗುಪ್ಪದ ಭತ್ತದ ಬೀಜದ ಹೊಲಗಳ ಪಟ್ಟಿ ಇದೆ, ಮಧ್ಯಾಹ್ನ ಹನ್ನೆರಡಕ್ಕೆ ಜೀಪು ತೆಕ್ಕಲಕೋಟೆ, ಕೆಂಚನಗುಡ್ಡಕ್ಕೆ ಹೊರಡಬೇಕು, ಹೂವಾಡುವಾಗಲೇ ಹೊಲ ನೋಡಬೇಕು, ಹೂ ಯಾರಿಗೂ ಕಾಯುವುದಿಲ್ಲ. ಕಾರ್ಯದರ್ಶಿ ಚಿದಾನಂದಪ್ಪನವರು ಬೆಳಿಗ್ಗೆಯೇ ಎಲ್ಲರನ್ನೂ ನಿಲ್ಲಿಸಿ ಹೇಳಿಬಿಟ್ಟರು, ಇಲಿ ಕಡದಿದ್ರ ಇಲಿಗೆ ಹೇಳೋಣು, ಯಾರರ ಕೈ ಆಡಿಸಿದ್ರ ಆ ಕೈ ನಾಳಿಂದ ಇಲ್ಲಿ ಬ್ಯಾಡ. ಅವರು ಆಡಿದ ಮಾತು ಹಿಂದಕ್ಕೆ ತೆಗೆದುಕೊಂಡದ್ದನ್ನು ಈ ಆಫೀಸು ಕಂಡಿಲ್ಲ.

ಜಡೆಪ್ಪನ ಕಡೆಯ ಕೊನೆ ಸರಿಯಿದೆ, ಬೆರಳಿಗೆ ಹಾಕಿಕೊಳ್ಳುವ ದರ್ಜಿಯ ಟೋಪಿಯಷ್ಟೇ ಇರುವ ಲೋಹದ ಮುಚ್ಚಳ ಬಿಗಿಯಾಗಿ ಕೂತಿದೆ, ಮೇಲೆ ಆರು ತಿಂಗಳ ಧೂಳು ಕೂಡ ಹಾಗೇ ಕೂತಿದೆ. ಇಲಿ ಇಲ್ಲ, ತಂತಿ ಎಲ್ಲೂ ಕಡಿದಿಲ್ಲ. ಏನ್ ವಿರೂಪಮ್ಮಾರ, ಪಾತಾಳಕ್ಕ ಮುಟ್ಟಿದ್ರೇನು ಎಂದು ಮೇಲಿಂದ ಜಡೆಪ್ಪನ ದನಿ, ಕಾಲು ಸಹ ಸರಿಸದೆ ಕೂತಿದ್ದಾನೆ ಪುಣ್ಯಾತ್ಮ, ಸಿರುಗುಪ್ಪದ ಪಟ್ಟಿ ಅವನದೇ, ಆತಂಕ ಮಾತ್ರ ಅವಳದು. ಆಗಲಿ, ರಿಜಿಸ್ಟರು ಬಿಡ್ರಿ, ಇದರಾಗ ಬರೆಯೋಣು ಎಂದು ಹಟ ಹಿಡಿದವಳು ಅವಳೇ ತಾನೆ. ದೊಡ್ಡ ಯಂತ್ರ ನಡುವೆ ಗುಂಯ್ ಎನ್ನುತ್ತಿದೆ, ಜೀವ ಇದೆ, ಆದರೆ ಅದು ಇಟ್ಟುಕೊಳ್ಳುವುದಷ್ಟೇ, ತಾನಾಗಿ ಏನನ್ನೂ ತೋರಿಸದು, ಮೇಜಿನಿಂದ ತಂತಿಯಲ್ಲಿ ಕೇಳಿದರೆ ಮಾತ್ರ ಕೊಡುವುದು, ಥೇಟು ನಮ್ಮ ಅತ್ತೆ — ಅಯ್ಯೋ, ಸತ್ತವರನ್ನು ಯಾಕೆ ಎಳೆಯುವುದು. ಆ ಮನೆಯಲ್ಲಿ ಒಂದೂವರೆ ವರ್ಷ ಇದ್ದದ್ದು, ಗಂಡ ತೀರಿಕೊಂಡ, ಕುರುಗೋಡಿಗೆ ಅಪ್ಪನ ಮನೆಗೆ ವಾಪಸು, ಹತ್ತೊಂಬತ್ತಕ್ಕೇ ಎಲ್ಲ ಮುಗಿಯಿತು ಎಂದು ಊರೇ ತೀರ್ಮಾನ ಮಾಡಿತ್ತು, ಮುಗಿಯಲಿಲ್ಲ, ಯಾಕೆ ಮುಗಿಯಲಿಲ್ಲ ಎಂದರೆ ಒಂದು ಅಂಗೈ, ಇರಲಿ, ಅದು ಆಮೇಲೆ, ಈಗ ತಂತಿ. ಪರದೆಯ ಮೇಲೆ ಅಬಾರ್ಟ್ ಆರ್ ರಿಟ್ರೈ, ಬಿಡುತ್ತೀಯಾ ಮತ್ತೆ ನೋಡುತ್ತೀಯಾ ಎಂದು ಕೇಳುತ್ತಲೇ ಇದೆ, ನೋಡುತ್ತೇನಪ್ಪಾ, ಮತ್ತೆ ನೋಡುತ್ತೇನೆ, ಬಿಡುವ ಪೈಕಿ ಅಲ್ಲ ನಾನು.

ಎಪ್ಪತ್ಮೂರರಲ್ಲಿ ಕೂಡ ಹೀಗೇ ಬೆವರಿದ್ದು, ಇದೇ ಕೋಣೆಯಲ್ಲಿ, ಆಗ ಇಲ್ಲಿ ಟೈಪ್‌ರೈಟರು. ಕೆಲಸದ ಟೈಪಿಂಗ್ ಪರೀಕ್ಷೆಗೆಂದು ಕುರುಗೋಡಿನ ಮೊದಲ ಬಸ್ಸಿಗೆ ಬಂದು, ಸಾಲಿನಲ್ಲಿ ಹದಿನಾಲ್ಕು ಜನ, ಹದಿಮೂರು ಗಂಡಸರು, ಅವಸರದಲ್ಲಿ ರೋಲರಿನ ಗುಂಡಿಯನ್ನು ಅಡ್ಡಾದಿಡ್ಡಿ ತಿರುವಿದಳು, ಟಿಣ್ ಎಂದು ಸ್ಕ್ರೂ ಬಿತ್ತು, ಗುಂಡಿ ಕೈಗೆ ಬಂತು, ಹಾಳೆ ಜಾರಿತು. ಯಾರು ಕೆಡಿಸಿದ್ದು ಇದನ್ನ ಎಂದು ಆಗಿನ ಕಾರ್ಯದರ್ಶಿ, ಅವರ ದನಿಗೆ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತು, ಕೆಡಿಸಿದವರಿಗೆ ಇಲ್ಲಿ ಕೆಲಸ ಇಲ್ಲ ಎನ್ನುತ್ತಿದ್ದಾರೆ, ಎದ್ದು ಹೋಗಬೇಕು, ಬಸ್‌ಸ್ಟ್ಯಾಂಡ್ ಯಾವ ಕಡೆ — ಅಷ್ಟರಲ್ಲಿ ಮೂಲೆಯಿಂದ ಕಸಬರಿಗೆ ಹಿಡಿದ ಒಬ್ಬ ಹೆಂಗಸು, ಹಣೆ ತುಂಬ ವಿಭೂತಿ, ಮುಂಜಾನಿ ಒರಸಾಗ ನನ್ನ ಕೈಯಾಗ ಬಂತ್ರಿ ಯಪ್ಪಾ, ಹೇಳಾಕ ಮರ್ತಿದ್ದೆ, ಇಗಾ ಇಲ್ಲೈತಿ ನೋಡ್ರಿ. ಅಂಗೈ ಬಿಚ್ಚಿದಳು. ನಡುವಿನ ಗೆರೆಯಲ್ಲಿ ಸ್ಕ್ರೂ. ಅದು ಬಿದ್ದದ್ದು ವಿರೂಪಮ್ಮನ ಕಾಲ ಬುಡದಲ್ಲಿ, ಅವಳು ಬಗ್ಗಿ ಎತ್ತಿಕೊಂಡದ್ದನ್ನು ಕಂಡದ್ದು ವಿರೂಪಮ್ಮ ಒಬ್ಬಳೇ. ಆ ಹೆಂಗಸನ್ನು ಬಾಯಿಗೆ ಬಂದಂತೆ ಬೈದು ಅಂಗಳದಲ್ಲಿ ನಿಲ್ಲಿಸಿದರು, ಸಂಜೆಯವರೆಗೆ ಬಿಸಿಲಲ್ಲಿ ನಿಂತಳು, ಒಳಗೆ ವಿರೂಪಮ್ಮ ಬೇರೆ ಯಂತ್ರದಲ್ಲಿ ಟಕಟಕ ಹೊಡೆದಳು, ಕೆಲಸ ಸಿಕ್ಕಿತು, ಬಾಯಿ ಬಿಡಲಿಲ್ಲ. ಬಾಯಿ ಬಿಡಬೇಕಿತ್ತು. ಆ ಹೆಂಗಸೇ ಜಂಬಕ್ಕ, ಕೌಲ್ ಬಜಾರಿನಲ್ಲಿ ತನ್ನ ಪಕ್ಕದ ಖೋಲಿಯನ್ನೇ ಕೊಡಿಸಿದಳು, ಜ್ವರ ಬಂದರೆ ಗಂಜಿ, ಹಬ್ಬ ಬಂದರೆ ಹೋಳಿಗೆ, ಹದಿನಾರು ವರ್ಷ, ಒಂದು ದಿನವೂ ಆ ಸ್ಕ್ರೂವಿನ ಮಾತು ಎತ್ತಲಿಲ್ಲ, ಎತ್ತಿದ್ದರೆ ಕಾಲಿಗೆ ಬೀಳುವುದಾದರೂ ಸಲೀಸಾಗುತ್ತಿತ್ತು. ಅವಳಿನ್ನೂ ದಿನಗೂಲಿಯವಳೇ, ಇಪ್ಪತ್ತೇಳು ವರ್ಷ ಕಸ ಹೊಡೆದರೂ ಒಂದು ಮಾತಿನಲ್ಲಿ ಮನೆಗೆ ಕಳಿಸಬಹುದಾದವಳು.

ಹನ್ನೊಂದು ಹೊಡೆಯಿತು. ತಂತಿ ಹಿಡಿದು ಹಿಡಿದು ಕೊನೆಗೆ ತನ್ನದೇ ಮೇಜು, ನೋಡಿ, ಊರವರ ಮನೆಯನ್ನೆಲ್ಲ ಹುಡುಕಿದ ಮೇಲೆ ತನ್ನ ಮನೆ, ಕೆಳಗೆ ತಲೆ ಹಾಕಿದಳು, ಅಲ್ಲೇ ಆ ವಾಸನೆ, ಹುಣಸೆಹುಳಿ, ಘಮ್ಮೆಂದು. ಮೇಜಿನ ಕಾಲು ಫಳಫಳ. ಯಂತ್ರದ ಬೆನ್ನು ಫಳಫಳ. ಧೂಳಿನ ಒಂದು ಕಣ ಇಲ್ಲ. ತಂತಿಯ ಕೊನೆ ಬೋಳು. ಮುಚ್ಚಳ ಇಲ್ಲ — ಎರಡೂ ಕೊನೆಗೆ ಮುಚ್ಚಳ ಇರಲೇಬೇಕು ಮೇಡಂ, ಒಂದು ಹೋದರೂ ಮೂರೂ ಯಂತ್ರ ಒಂದಕ್ಕೊಂದು ಮಾತಾಡುವುದಿಲ್ಲ ಎಂದಿದ್ದ ಇಂಜಿನಿಯರು, ಇಷ್ಟು ಸಣ್ಣದಕ್ಕೆ ಇಷ್ಟು ಜಂಬವೇ ಎಂದು ಆಗ ನಕ್ಕಿದ್ದಳು. ಯಾರು ತೆಗೆದರು ಎಂದು ಕೇಳುವ ಮೊದಲೇ ಗೊತ್ತಾಯಿತು. ಆಯುಧಪೂಜೆಯ ದಿನ ಎಲ್ಲ ಯಂತ್ರ ಒರೆಸಿ ಇಡು ಜಂಬಕ್ಕಾ ಎಂದು ಹೇಳಿ ಕುರುಗೋಡಿನ ಬಸ್ಸು ಹಿಡಿದವಳು ಅವಳೇ. ಜಡೆಪ್ಪನ ಮೇಜಿಗೆ ಮೇಲೆ ಮೇಲೆ ಒಂದು ಬಟ್ಟೆ ಆಡಿಸಿ, ಇವಳ ಮೇಜಿಗೆ ಮಾತ್ರ ಮೈ ತಿಕ್ಕಿ ಎರೆದಂತೆ ಎರೆದಿದ್ದಾಳೆ ಮುದುಕಿ, ನನ್ನ ವಿರೂಪಿಯ ಯಂತ್ರ ಅಂತ, ಅಲುಗಾಡುವುದೆಲ್ಲ ಬಿಚ್ಚಿ ಹುಳಿ ಹಾಕಿ ಬೆಳಗಿದ್ದಾಳೆ. ಅಕ್ಕರೆ ಹೆಚ್ಚಾಗಿ ಕೆಟ್ಟ ಯಂತ್ರ ಇದು.

ಬೆಳಗಿದ್ದನ್ನು ಪೂಜೆಗೆ ಇನ್ನೆಲ್ಲಿ ಇಟ್ಟಾಳು, ದೇವರ ಫೋಟೋದ ಗೂಡು. ಬೆಳಿಗ್ಗೆ ಎಲ್ಲರೂ ತಂದು ಸುರಿದ ಬನ್ನಿ ಎಲೆ, ಬಂಗಾರದಂಗ ಇರೋಣು ಎಂದು ಒಬ್ಬರಿಗೊಬ್ಬರು ಕೊಟ್ಟು ಮಿಕ್ಕದ್ದು, ವಿರೂಪಮ್ಮ ಎಲೆಯೊಳಗೆ ಬೆರಳಾಡಿಸಿದಳು, ತಣ್ಣಗೆ ತಗುಲಿತು. ಮುಚ್ಚಳ, ಹೊಸದಾಗಿ ಮಾಡಿಸಿದಂತೆ ಹೊಳೆಯುತ್ತಿದೆ, ಅದರ ಪುಟ್ಟ ಹೊಟ್ಟೆಯ ಮೇಲೆ ಮೂರು ಎಳೆ ವಿಭೂತಿ, ನಡುವೆ ಕುಂಕುಮದ ಚುಕ್ಕೆ. ನಗು ಬಂತು, ಕಣ್ಣಲ್ಲಿ ನೀರೂ ಬಂತು, ಎರಡೂ ಒಟ್ಟಿಗೆ ಬಂದರೆ ಏನು ಮಾಡಬೇಕೋ. ಅಂಗಳದ ನಲ್ಲಿಯ ಹತ್ತಿರ ಜಂಬಕ್ಕ ಕೊಡ ತೊಳೆಯುತ್ತಿದ್ದಾಳೆ, ಏನೂ ಅರಿಯದವಳು, ಚುಚ್ಚಿಟ್ಟರೆ ಯಂತ್ರ ನಡೆಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ, ಇಲಿ ಎನ್ನೋಣ, ಇಲಿಯ ಮೇಲೆ ಹಾಕೋಣ — ಏನದು ಕೈಯಾಗ? ಚಿದಾನಂದಪ್ಪನವರು. ಹಿಂದೆಯೇ ಬಂದು ನಿಂತಿದ್ದಾರೆ, ಅವರ ಹಿಂದೆ ಜಡೆಪ್ಪ, ಅವನ ಕಣ್ಣು ಆಗಲೇ ಅಂಗಳಕ್ಕೆ ಹೋಗಿದೆ, ಗೂಡು ಅಲಂಕರಿಸುವವರು ಯಾರೆಂದು ಈ ಆಫೀಸಿನಲ್ಲಿ ಯಾರಿಗೆ ಗೊತ್ತಿಲ್ಲ, ಇದು ಆ ಜಂಬಕ್ಕನ ಕೆಲ್ಸ್ರಿ ಸಾಹೇಬ್ರ ಎಂದು ಅವನ ತುಟಿ ಬಿಚ್ಚುತ್ತಿದೆ, ಬಿಚ್ಚಲು ಬಿಡಬಾರದು, ನಾಲಿಗೆ ಅಂದಿನಂತೆ ಅಂಗುಳಕ್ಕೆ ಅಂಟುತ್ತಿದೆ, ಅಂಟಬೇಡ, ಇವತ್ತೊಂದು ದಿನ ಅಂಟಬೇಡ ತಾಯಿ. ನನ್ನ ಕೈಲಾಗಿದ್ದು ರಿ ಸಾಹೇಬ್ರ, ನನ್ನ ಮೇಜಿಂದು, ಪೂಜಿಗೆ ತೊಳಿಯಾಕ ನಾನಾ ತಗದಿದ್ದೆ, ಹಾಕಾದು ಮರ್ತೆ. ಅಂಗೈ ಬಿಚ್ಚಿ ತೋರಿಸಿದಳು. ಅವರು ಬಗ್ಗಿ ನೋಡಿದರು, ಬಹಳ ಹೊತ್ತು ನೋಡಿದರು, ವಿಭೂತಿ ಹಚ್ಚಾದು ನೆನಪೈತಿ, ಹಾಕಾದು ಮರ್ತಿ ಎಂದರು. ಹೌದ್ರಿ. ಆ ಕೈ ನಾಳಿಂದ ಬ್ಯಾಡ ಅಂದಿದ್ದೆ. ಅಂದಿದ್ರಿ. ಅವರು ತಲೆ ಎತ್ತಿ ಗೋಡೆಯ ಗಡಿಯಾರ ನೋಡಿದರು. ಮೊದ್ಲು ಪಟ್ಟಿ ತಗಿಯಮ್ಮ ಎಂದರು.

ಸೆರಗಿನಲ್ಲಿ ಒರೆಸಿದಳು, ಕುಂಕುಮ ಹೋಯಿತು, ವಿಭೂತಿಯ ಒಂದು ಎಳೆ ಗೀರಿನಲ್ಲಿ ಉಳಿಯಿತು, ಉಳಿಯಲಿ, ಮೇಜಿನ ಕೆಳಗೆ ತೂರಿ ಮುಚ್ಚಳವನ್ನು ಕಾಲು ಸುತ್ತು ತಿರುವಿದಳು, ಕಟ್ ಎಂದು ಕೂತಿತು. ಪರದೆ ಅದೇ ಪ್ರಶ್ನೆ ಕೇಳಿತು, ಮತ್ತೆ ನೋಡು ಎಂದು ಒತ್ತಿದಳು, ದೊಡ್ಡ ಯಂತ್ರ ಒಂದು ಉಸಿರು ಎಳೆಯಿತು, ಕಪಾಟು ತೆರೆಯಿತು, ತೆಕ್ಕಲಕೋಟೆ, ಕೆಂಚನಗುಡ್ಡ, ಹೊಲದ ಮೇಲೆ ಹೊಲ ಸಾಲುಗಟ್ಟಿ ಇಳಿದವು, ಪ್ರಿಂಟರು ಕಿರ್ರೋ ಎಂದು ಅರಚಿತು, ಅಷ್ಟು ಚಂದದ ಅರಚಾಟ ಅವಳು ಕೇಳಿರಲಿಲ್ಲ. ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಜೀಪು ಹೊರಟಿತು. ಚಿದಾನಂದಪ್ಪನವರು ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಒಂಚೂರು ಬಗ್ಗಿಸಿದರು ಅಷ್ಟೆ, ದೊಡ್ಡ ಯಂತ್ರದ ಉಸ್ತುವಾರಿ ನಾಳಿಂದ ಜಡೆಪ್ಪಂದು, ನೀನು ಅದರ ತಂಟೆಗೆ ಹೋಗಬ್ಯಾಡ ಎಂದರು. ಆರು ತಿಂಗಳು ಮಗುವಿನಂತೆ ಸಾಕಿದ ಯಂತ್ರ, ಬೆಂಗಳೂರಿನ ತರಬೇತಿಗೂ ಇನ್ನು ಜಡೆಪ್ಪನೇ ಹೋಗುತ್ತಾನೆ, ಹೋಗಲಿ, ನೋವಾಗಬೇಕಿತ್ತು, ಆಯಿತು ಕೂಡ, ಆದರೆ ಅದರ ಅಡಿಯಲ್ಲಿ ಎಂಥ ನಿರಾಳ, ಹದಿನಾರು ವರ್ಷ ಎದೆಯ ಮೇಲಿದ್ದ ಒಂದು ಸಣ್ಣ ಲೋಹ ಇಳಿದ ಹಾಗೆ. ದೊಡ್ಡ ಯಂತ್ರದ ಬೀಗದ ಕೈಯನ್ನು ಜಡೆಪ್ಪನ ಮೇಜಿನ ಮೇಲಿಟ್ಟಳು.

ಜಂಬಕ್ಕ ಬಂದಿದ್ದಾಳೆ, ಒದ್ದೆ ಕೈಯನ್ನು ಸೀರೆಗೆ ಒರೆಸುತ್ತ, ಅವಳಿಗೆ ಯಾರೋ ಹೇಳಿದ್ದಾರೆ, ಬಾಗಿಲಿಗೆ ಒರಗಿ ಮೆಲ್ಲಗೆ, ಯವ್ವಾ ವಿರೂಪಿ, ಅದನ್ನ ತೊಳದಾಕಿ ನಾನಲ್ಲೇನ, ನೀ ಊರಾಗ ಇದ್ದಿಲ್ಲಲ್ಲ, ಸಾಹೇಬ್ರಿಗೆ ಹೇಳ್ತೀನಿ ತಡಿ. ಹೇಳಬ್ಯಾಡ, ಕೂಡು ಎಂದು ಅವಳ ರಟ್ಟೆ ಹಿಡಿದು ಕೂರಿಸಿದಳು ವಿರೂಪಮ್ಮ, ತನ್ನ ಕುರ್ಚಿಯಲ್ಲೇ ಕೂರಿಸಿದಳು, ಇಪ್ಪತ್ತೇಳು ವರ್ಷದಲ್ಲಿ ಈ ಆಫೀಸಿನ ಕುರ್ಚಿಯ ಮೇಲೆ ಅವಳು ಕೂತದ್ದು ಇದೇ ಮೊದಲು, ತುದಿಯಲ್ಲಿ ಕೂತಿದ್ದಾಳೆ, ಮುಳ್ಳಿದ್ದ ಹಾಗೆ. ಜಂಬಕ್ಕಾ, ನನ್ನ ಪರೀಕ್ಷೆ ದಿನ ನೀ ಒಂದು ಸ್ಕ್ರೂ ತೋರಿಸಿದ್ದಿ, ನೆನಪೈತೇನು. ಮುದುಕಿ ಯೋಚಿಸುತ್ತಾಳೆ, ಹಣೆಯ ವಿಭೂತಿ ಸುಕ್ಕಾಗುತ್ತದೆ, ಯಾವ ಸ್ಕ್ರೂ ಯವ್ವಾ, ನಂಗ ನೆನಪಿಲ್ಲ. ನೆನಪಿಲ್ಲ! ಬಿಸಿಲಲ್ಲಿ ನಿಂತದ್ದು ನೆನಪಿಲ್ಲ, ಬೈಸಿಕೊಂಡದ್ದು ನೆನಪಿಲ್ಲ, ಇಷ್ಟು ವರ್ಷ ಮಾತೆತ್ತದೆ ಇದ್ದದ್ದು ದೊಡ್ಡತನಕ್ಕಲ್ಲ, ಮಾಡಿ ಮರೆತಿದ್ದಕ್ಕೆ, ಇದಕ್ಕೆ ಏನು ಹೇಳುವುದು, ಉಪಕಾರ ಎಂದರೆ ಯಾವ ಉಪಕಾರ ಎನ್ನುತ್ತಾಳೆ, ವಿರೂಪಮ್ಮನ ಕಣ್ಣ ಮುಂದೆ ಬರುವುದು ಅದೊಂದೇ — ಕಸಬರಿಗೆ ಹಿಡಿದು ಗಂಟುಗಟ್ಟಿದ ಅಂಗೈ, ನಡುವಿನ ಗೆರೆಯಲ್ಲಿ ಸ್ಕ್ರೂ, ಇಗಾ ಇಲ್ಲೈತಿ ನೋಡ್ರಿ, ಅಂಗೈ, ಬಿಚ್ಚಿದ ಅಂಗೈ.